ತೊಟ್ಟು ಮುರಿದ ಮಿಡಿ

ನಾನು ನಿವೃತ್ತನಾದ ಮೇಲೆ ನಮ್ಮ ಅಡುಗೆಕೋಣೆಗೆ ಒಬ್ಬ ಇನ್ಸ್‌ಪೆಕ್ಟರ್ ಸಿಕ್ಕಿದ. ಯಾರೂ ಕೇಳಿರಲಿಲ್ಲ, ಸಿಕ್ಕಿದ. ಪುತ್ತೂರಿನ ಆಸುಪಾಸಿನ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನ ಕಲಿಸಿದವನು ನಾನು. ದಿನಕ್ಕೊಬ್ಬರಿಗಾದರೂ ಏನನ್ನಾದರೂ ಕಲಿಸದಿದ್ದರೆ ನನಗೆ ತಿಂದದ್ದು ಕರಗುವುದಿಲ್ಲ. ಮನೆಯಲ್ಲಿ ಕಲಿಸಲು ಉಳಿದವಳು ಹೆಂಡತಿ ಒಬ್ಬಳೇ. ಅವಳಿಗೆ ಅಡುಗೆ ಬಿಟ್ಟು ಬೇರೇನನ್ನಾದರೂ ಕಲಿಸಬಹುದಿತ್ತು. ಆದರೆ ಆಗ ಬೆಳಿಗ್ಗೆ ಅವಳು ಇರುತ್ತಿದ್ದದ್ದೇ ಅಡುಗೆಕೋಣೆಯಲ್ಲಿ.

ಪಾಠಕ್ಕೆ ಬೇಕಾದ ಪುಸ್ತಕ ನನ್ನ ಮೊಬೈಲಿನಲ್ಲಿತ್ತು. ನಿವೃತ್ತರದ್ದೇ ಒಂದು ವಾಟ್ಸಾಪ್ ಗುಂಪು. ಬೆಳಕು ಹರಿಯುವ ಮೊದಲೇ ಅದರಲ್ಲಿ ಅಡುಗೆಮನೆಯ ಟಿಪ್ಸ್ ಬಂದು ಬೀಳುತ್ತಿದ್ದವು. ಹಾಕುವವರೆಲ್ಲ ಗಂಡಸರು. ಅವರಲ್ಲಿ ಹೆಚ್ಚಿನವರು ಗ್ಯಾಸಿನ ಒಲೆ ಯಾವ ಕಡೆಗೆ ತಿರುಗಿಸಿದರೆ ಹೊತ್ತುತ್ತದೆ ಎಂದು ತಿಳಿಯದವರು. ಅಕ್ಕಿಗೆ ಒಣಮೆಣಸು ಹಾಕಿದರೆ ಹುಳ ಬಾರದು. ಕೊತ್ತಂಬರಿ ಸೊಪ್ಪನ್ನು ಪೇಪರಿನಲ್ಲಿ ಸುತ್ತಿಟ್ಟರೆ ಹದಿನೈದು ದಿನ ಬಾಡದು. ನಿಂಬೆಹಣ್ಣಿಗೆ ಎಣ್ಣೆ ಸವರಿಟ್ಟರೆ ಒಣಗದು. ನಾನು ಎಲ್ಲವನ್ನೂ ಮಾಡಿದೆ. ಎಣ್ಣೆ ಸವರಿದ ನಿಂಬೆಹಣ್ಣು ಹೆಂಡತಿಯ ಕೈಯಿಂದ ಜಾರಿ ಫ್ರಿಜ್ಜಿನ ಅಡಿಗೆ ಹೋಯಿತು. ಒಂದು ವಾರ ಕಳೆದು ಅದು ಹೊರಗೆ ಬಂದಾಗ ನಿಜವಾಗಿಯೂ ಒಣಗಿರಲಿಲ್ಲ, ಕೊಳೆತಿತ್ತು.

"ಅಕ್ಕಿಗೆ ಒಣಮೆಣಸು ಹಾಕಿದ್ದೇನೆ, ಇನ್ನು ಹುಳ ಬರುದಿಲ್ಲ" ಎಂದೆ ಒಂದು ದಿನ.

"ನಮ್ಮಲ್ಲಿ ಅಕ್ಕಿ ಹುಳ ಬರುವಷ್ಟು ದಿನ ಉಳಿಯುದೆಲ್ಲಿ ಮಾರಾಯ್ರೆ? ನೀವೀಗ ಮಧ್ಯಾಹ್ನವೂ ಮನೆಯಲ್ಲೇ ಅಲ್ವಾ ಉಣ್ಣುದು?" ಎಂದಳು.

ಅವಳು ಒಂದು ಟಿಪ್ಸನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ತೆಂಗಿನಕಾಯಿ ಒಡೆದರೆ ಕಣ್ಣಿರುವ ಕಡಿಯನ್ನು ಮೊದಲು ತುರಿಯುವಳು, ಅದು ಬೇಗ ಕೆಡುತ್ತದೆ ಎಂದು. ಅದನ್ನು ನಾನು ಮೊಬೈಲಿನಲ್ಲಿ ಓದಿ ಅವಳಿಗೇ ಕಲಿಸಲು ಹೋದೆ. "ಹೌದಾ?" ಎಂದು ಕೇಳಿ ತುರಿಯುವುದನ್ನು ಮುಂದುವರಿಸಿದಳು. ಮದುವೆಯಾದಂದಿನಿಂದ ಅವಳು ಹಾಗೇ ಮಾಡುತ್ತಿದ್ದಳಂತೆ. ನಾನು ನೋಡಿರಲಿಲ್ಲ.

ಒಂದೇ ಒಂದು ಕಡೆ ಅವಳು ನನಗೆ ಪ್ರವೇಶ ನಿಷೇಧಿಸಿದ್ದಳು. ಉಗ್ರಾಣದ ಮೂಲೆಯ ಭರಣಿ. ಅದರಲ್ಲಿ ಇದ್ದದ್ದು ಅವಳ ತವರಿನ ಕಾಟುಮಾವಿನ, ಎಂದರೆ ಕಾಡುಮಾವಿನ, ಮಿಡಿಯ ಉಪ್ಪಿನಕಾಯಿ. ನೆಲ್ಯಾಡಿಯ ಹತ್ತಿರ ಹೆದ್ದಾರಿಗೆ ಮುಖ ಮಾಡಿದ ಮನೆ ಅದು, ಅಂಗಳದ ತುದಿಯಲ್ಲಿ ಆ ಮರ. ಹೆಬ್ಬೆರಳಿನ ತುದಿಯಷ್ಟು ದಪ್ಪದ ಮಿಡಿ, ಕಚ್ಚಿದರೆ ಮೂಗಿನ ತನಕ ಏರುವ ಪರಿಮಳ. ಊಟಕ್ಕೆ ಕುಳಿತವರು ಪಾಯಸ ಬೇಡ ಎಂದಾರು, ಆ ಮಿಡಿ ಬೇಡ ಎಂದವರನ್ನು ನಾನು ಕಂಡಿಲ್ಲ. ಪ್ರತಿ ಬೇಸಿಗೆಯ ಆರಂಭದಲ್ಲಿ ಅವಳ ತಮ್ಮ, ನನ್ನ ಭಾವ, ಮರ ಹತ್ತುವವರನ್ನು ಕರೆಸಿ, ಒಂದೊಂದು ಮಿಡಿಯನ್ನೂ ತೊಟ್ಟು ಸಮೇತ ಕೊಯ್ಯಿಸಿ, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸಿ, ಅಕ್ಕನಿಗೆ ತಂದು ಕೊಡುತ್ತಿದ್ದ. ಹೀಗೆ ಮಗುವನ್ನು ಇಳಿಸಿದ ಹಾಗೆ ಯಾಕೆ ಇಳಿಸುತ್ತಾರೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕಲಿಸುವವನಿಗೆ ಕೇಳುವ ಅಭ್ಯಾಸ ಇರುವುದಿಲ್ಲ.

ಹೆದ್ದಾರಿ ಅಗಲವಾಗುವಾಗ ಕಡಿಯಲಿರುವ ಮರಗಳ ಸಾಲಿನಲ್ಲಿ ಆ ಮರಕ್ಕೂ ಒಂದು ನಂಬರ್ ಬಿತ್ತು. ಕಸಿ ಕಟ್ಟುವವರಿಗೆ ಹೇಳಿದ್ದೇನೆ, ಬಂದು ಕಡ್ಡಿ ತೆಗೆದುಕೊಂಡು ಹೋಗುತ್ತಾರೆ ಎಂದು ಭಾವ ಮೂರು ವರ್ಷದಿಂದ ಹೇಳುತ್ತಿದ್ದ. ಅವರು ಬರಲಿಲ್ಲ. ಇವನೂ ಮತ್ತೆ ಹೇಳಲಿಲ್ಲ. ನಾನಂತೂ ಕಸಿ ಕಟ್ಟುವುದರ ಬಗ್ಗೆ ಎಂಟನೆಯ ತರಗತಿಗೆ ಬೋರ್ಡಿನಲ್ಲಿ ಚಿತ್ರ ಬಿಡಿಸಿ ಪಾಠ ಮಾಡಿದವನು. ನನ್ನ ಕೈಯಿಂದ ಆದದ್ದು ಅಷ್ಟೇ.

ಈ ಸಲ ಭಾವ ಮಿಡಿ ತಂದ ದಿನ ಹೆಂಡತಿ ಮನೆಯಲ್ಲಿರಲಿಲ್ಲ. ಐವರ್ನಾಡಿನಲ್ಲಿ ತಂಗಿಯ ಹೊಸ ಮನೆಯ ಒಕ್ಕಲು, ಎರಡು ದಿನದ ಮಟ್ಟಿಗೆ ಹೋಗಿದ್ದಳು. ಭಾವ ಗೋಣಿಯನ್ನು ಚಾವಡಿಯಲ್ಲಿ ಮೆಲ್ಲ ಇಳಿಸಿ ಬೆವರು ಒರೆಸಿಕೊಂಡ.

"ಇದೇ ಕೊನೆ ಭಾವ. ನಾಳೆ ಮರ ಕಡಿಯುದಂತೆ. ಅಕ್ಕನಿಗೆ ಹೇಳಿ, ಒಂದೂ ಬಿಡದೆ ಕೊಯ್ಸಿದ್ದೇನೆ" ಎಂದ. ಚಹಾ ಕೂಡ ಕುಡಿಯದೆ ಹೊರಟ.

ಫೋನು ಮಾಡಿದೆ. ವಿಷಯ ಹೇಳಿದೆ. "ಗಾಳಿಗೆ ಹರವಿ ಇಡಿ. ಬೇರೆ ಎಂತದೂ ಮಾಡ್ಬೇಡಿ. ನಾಳೆ ಮಧ್ಯಾಹ್ನ ನಾನು ಬರ್ತೇನೆ" ಎಂದಳು. ಫೋನು ಇಡುವ ಮೊದಲು ಇನ್ನೊಮ್ಮೆ, "ಎಂತದೂ ಮಾಡ್ಬೇಡಿ ಆಯ್ತಾ?" ಎಂದಳು.

ಆ ಎರಡನೆಯ ಸಲದ ಮಾತು ನನ್ನನ್ನು ಕೆಣಕಿತು. ಮೂರು ಜಿಲ್ಲಾ ಮಟ್ಟದ ವಿಜ್ಞಾನ ಪ್ರದರ್ಶನಗಳ ತೀರ್ಪುಗಾರನಾಗಿದ್ದವನಿಗೆ ಮಿಡಿ ಹರವುವ ಕೆಲಸವೇ? ಅವಳು ಬರುವಷ್ಟರಲ್ಲಿ ಮಿಡಿ ತೊಳೆದು, ಒರೆಸಿ, ಉಪ್ಪಿಗೆ ಹಾಕಲು ಸಿದ್ಧವಾಗಿ ಇಟ್ಟರೆ ಹೇಗೆ? ಒಂದು ಸಲವಾದರೂ ಅವಳ ಬಾಯಿಯಿಂದ "ಪರವಾಗಿಲ್ಲ ನೀವು" ಎಂದು ಕೇಳಬೇಕು ಎಂಬ ಆಸೆ ನನಗೆ ಇತ್ತು. ನಿವೃತ್ತನಾದವನ ಆಸೆಗಳು ಚಿಕ್ಕವು, ಆದರೆ ಬಹಳ ಹಟದವು.

ಗುಂಪಿನಲ್ಲಿ ಕೇಳಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು. ಮಾವಿನ ಸೊನೆ ಗಂಟಲಿಗೆ ಕೆಟ್ಟದು, ಹೊಟ್ಟೆಗೂ ಕೆಟ್ಟದು. ತೊಟ್ಟು ಮುರಿದು, ಬೆಚ್ಚಗಿನ ನೀರಿನಲ್ಲಿ ನೆನೆಸಿ, ಸೊನೆ ಪೂರ್ತಿ ಹೋಗುವ ತನಕ ತೊಳೆಯಬೇಕು. ಕೆಳಗೆ ಕೈಮುಗಿದ ಚಿತ್ರ. ನನಗೆ ಚಿಕ್ಕಂದಿನಲ್ಲಿ ಸೊನೆ ತಾಗಿ ತುಟಿ ಸುಟ್ಟದ್ದು ನೆನಪಾಯಿತು. ಒಂದು ಅನುಭವ, ಒಂದು ಆಧಾರ. ಇದಕ್ಕಿಂತ ಹೆಚ್ಚು ವಿಜ್ಞಾನ ಎಲ್ಲಿ ಸಿಗಬೇಕು?

ಮಧ್ಯಾಹ್ನ ಊಟ ಮಾಡಿ ಕುಳಿತವನು ಚಹಾದ ಹೊತ್ತಿನ ತನಕ ತೊಟ್ಟು ಮುರಿದೆ. ಒಂದೊಂದು ಮುರಿದಾಗಲೂ ಚಿಟ್ ಎಂದು ಸೊನೆ ಹಾರುತ್ತಿತ್ತು. ಎರಡು ದೊಡ್ಡ ಪಾತ್ರೆಯಲ್ಲಿ ಬೆಚ್ಚಗಿನ ನೀರು. ಮೂರು ಸಲ ತೊಳೆದೆ. ಮನೆ ಇಡೀ ಪರಿಮಳವೋ ಪರಿಮಳ, ರಸ್ತೆಯಲ್ಲಿ ಹೋಗುತ್ತಿದ್ದವರು ತಲೆ ತಿರುಗಿಸಿ ನೋಡಿದರು. ನನ್ನ ಕೆಲಸ ಎಷ್ಟು ಚೆನ್ನಾಗಿ ಆಗುತ್ತಿದೆ ಎನ್ನುವುದಕ್ಕೆ ಅದೇ ಸಾಕ್ಷಿ ಎಂದುಕೊಂಡೆ. ಅದು ಹೊರಟುಹೋಗುತ್ತಿರುವ ಪರಿಮಳ ಎಂದು ತಿಳಿಯುವ ಬುದ್ಧಿ ನನಗೆ ಇರಲಿಲ್ಲ.

ಮನೆಯಲ್ಲಿದ್ದ ಕಲ್ಲುಪ್ಪು ಸಾಲದು ಎಂದು ಪೇಟೆಗೆ ಹೋದೆ. ನಾವು ಯಾವತ್ತೂ ಸಾಮಾನು ತರುವ ಅಂಗಡಿಯ ಯಜಮಾನ ಬ್ಯಾರಿಗಳು ನನ್ನ ವಯಸ್ಸಿನವರು, ಅವರ ಮಕ್ಕಳಿಬ್ಬರು ನನ್ನಲ್ಲಿ ಕಲಿತವರು.

"ಎಂತ ಮಾಷ್ಟ್ರೇ, ಇಷ್ಟು ಉಪ್ಪು? ಮಿಡಿ ಬಂತಾ?" ಎಂದರು.

"ಬಂತು. ನಾನೇ ಎಲ್ಲ ಕ್ಲೀನ್ ಮಾಡಿದೆ. ತೊಟ್ಟು ತೆಗೆದು, ಬಿಸಿನೀರಲ್ಲಿ ಸೊನೆ ಬಿಡಿಸಿ..."

ಉಪ್ಪು ತೂಗುತ್ತಿದ್ದವರ ಕೈ ಅಲ್ಲೇ ನಿಂತಿತು. "ತೊಟ್ಟು ಮುರಿದ್ರಾ? ಅಯ್ಯೋ, ಅದರ ಜೀವವೇ ಸೊನೆ ಅಲ್ವಾ ಮಾಷ್ಟ್ರೇ! ಸೊನೆ ಹೋದ್ರೆ ಪರಿಮಳವೂ ಇಲ್ಲ, ಬಾಳಿಕೆಯೂ ಇಲ್ಲ. ನಮ್ಮ ಉಮ್ಮ ಅಪ್ಪಿತಪ್ಪಿ ತೊಟ್ಟು ಮುರಿದ್ರೆ ಆ ಸೊನೆಯನ್ನು ಕುಪ್ಪಿಗೆ ಹಿಡಿದು ಮತ್ತೆ ಉಪ್ಪಿನಕಾಯಿಗೇ ಹಾಕ್ತಿದ್ರು."

ನಾನು ನಾಲಿಗೆ ಕಚ್ಚಿಕೊಂಡೆ. ಅವರು ಮೆಲ್ಲಗೆ ಕೇಳಿದರು: "ಅಕ್ಕನಿಗೆ ಗೊತ್ತುಂಟಾ?"

"ನಾಳೆ ಬರ್ತಾಳೆ" ಎಂದೆ.

"ಹಾಗಾದ್ರೆ ಉಪ್ಪು ನಾಳೆ ಕೊಂಡುಹೋದರೂ ಆಗ್ತದೆ" ಎಂದರು. ಆದರೂ ಕಟ್ಟಿಕೊಟ್ಟರು.

ಮರುದಿನ ಅವಳು ಬಂದಳು. ಬಸ್ಸಿನಲ್ಲಿರುವಾಗಲೇ ತಮ್ಮನ ಫೋನು ಬಂದಿತ್ತಂತೆ, ಮರ ಬಿತ್ತು ಎಂದು. ಚಪ್ಪಲಿ ಕಳಚಿದವಳು ನೇರ ಚಾವಡಿಗೆ ಹೋದಳು. ಹಳೆಯ ಪಂಚೆಯ ಮೇಲೆ ಹರವಿದ್ದ ಮಿಡಿಗಳು ನುಣ್ಣಗೆ, ಚೊಕ್ಕಟವಾಗಿ, ಮೂಗು ಕೊಯ್ಯಿಸಿಕೊಂಡವರ ಹಾಗೆ ಬಿದ್ದಿದ್ದವು. ಒಂದನ್ನು ಎತ್ತಿ ಮೂಗಿಗೆ ಹಿಡಿದಳು. ಇನ್ನೊಂದನ್ನು ಎತ್ತಿದಳು. ನಾನು ಗುಂಪಿನಲ್ಲಿ ಬಂದ ಟಿಪ್ಸಿನ ವಿಷಯ, ಸೊನೆಯ ಆಮ್ಲದ ವಿಷಯ, ಏನೇನೋ ಹೇಳುತ್ತಲೇ ಇದ್ದೆ.

"ನೀರು ಎಲ್ಲಿಗೆ ಚೆಲ್ಲಿದ್ರಿ?" ಎಂದು ಕೇಳಿದಳು.

"ಬಸಳೆಯ ಬುಡಕ್ಕೆ."

ಅವಳು ಹಿತ್ತಿಲಿಗೆ ಹೋದಳು. ಬಸಳೆ ಚಪ್ಪರದ ಹತ್ತಿರ ಸುಮ್ಮನೆ ನಿಂತಳು. ನಾನು ಅಡುಗೆಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಟ್ಟು ನನಗೆ ಅಭ್ಯಾಸ ಇದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಳಗೆ ಬಂದು, ಉಪ್ಪು ಎಲ್ಲಿದೆ ಎಂದು ಕೇಳಿದಳು. ನನಗೆ ಅಷ್ಟು ನಾಚಿಕೆ ಅದಕ್ಕೆ ಮೊದಲು ಆದದ್ದಿಲ್ಲ, ಆಮೇಲೂ ಆಗಿಲ್ಲ.

ಆ ಮಿಡಿಯನ್ನು ಅವಳು ಬಿಸಾಡಲಿಲ್ಲ. ಕ್ರಮ ಪ್ರಕಾರವೇ ಉಪ್ಪಿಗೆ ಹಾಕಿದಳು, ಖಾರ ಅರೆದು ಬೆರೆಸಿದಳು, ಬೇರೊಂದು ಭರಣಿಗೆ ತುಂಬಿ ಬಟ್ಟೆ ಕಟ್ಟಿದಳು. ತಿಂಗಳು ಕಳೆದು ತೆರೆದಾಗ ಮಿಡಿ ಮೆತ್ತಗಾಗಿ ಬೆಂದ ಆಲೂಗಡ್ಡೆಯ ಹಾಗಿತ್ತು. ಖಾರ ಇತ್ತು, ಉಪ್ಪು ಇತ್ತು, ಮಾವು ಇರಲಿಲ್ಲ. ಅಂದಿನಿಂದ ಮೂರು ಹೊತ್ತೂ ನನ್ನ ಬಟ್ಟಲಿಗೆ ಅದೇ.

"ನಿಮಗೆ ಟಿಪ್ಸಿನ ಉಪ್ಪಿನಕಾಯಿ" ಎಂದು ಬಡಿಸುತ್ತಿದ್ದಳು.

ಗಂಜಿಗೆ ಅದು, ದೋಸೆಗೆ ಅದು, ಮೊಸರನ್ನಕ್ಕೂ ಅದೇ. ನಾನು ಸೊಲ್ಲೆತ್ತದೆ ತಿಂದೆ. ನೆಂಟರು ಬಂದಾಗ ಉಗ್ರಾಣದ ಮೂಲೆಯ ಹಳೆಯ ಭರಣಿಯಿಂದ ಹೋದ ವರ್ಷದ ಮಿಡಿ ಬರುತ್ತಿತ್ತು, ತಲೆಗೊಂದು. ಪಂಕ್ತಿಯಲ್ಲಿ ನನ್ನ ಬಟ್ಟಲು ದಾಟಿ ಮುಂದೆ ಹೋಗುತ್ತಿತ್ತು. ಪರಿಮಳ ಮಾತ್ರ ನನಗೂ ಸಿಗುತ್ತಿತ್ತು. ಗುಂಪಿನಲ್ಲಿ ಈಗಲೂ ಟಿಪ್ಸ್ ಬರುತ್ತವೆ. ಮಿಡಿಯ ತೊಟ್ಟು ಮುರಿಯಬೇಡಿ ಎಂದು ನಾನೂ ಒಂದು ಹಾಕಿದೆ. ಕೂಡಲೇ ಹನ್ನೊಂದು ಹೆಬ್ಬೆರಳುಗಳು ಬಂದವು. ಅದರಲ್ಲಿ ಮೊದಲನೆಯದು ತೊಟ್ಟು ಮುರಿಯಲು ಹೇಳಿದ್ದವರದ್ದೇ.

ದೀಪಾವಳಿ ಕಳೆದು ಒಂದು ದಿನ ನನ್ನ ಭರಣಿ ಬರಿದಾಯಿತು. ಅವಳು ಅದನ್ನು ತೊಳೆದು ಅಂಗಳದ ಬಿಸಿಲಿಗೆ ಕವುಚಿಟ್ಟಳು. ಮಧ್ಯಾಹ್ನ ಊಟಕ್ಕೆ ಕುಳಿತೆ. ಉಗ್ರಾಣಕ್ಕೆ ಹೋದವಳು ಚಮಚದಲ್ಲಿ ಒಂದು ಮಿಡಿ ತಂದು ನನ್ನ ಬಟ್ಟಲಿಗೆ ಹಾಕಿದಳು. ಸುಕ್ಕುಗಟ್ಟಿದ, ಕಪ್ಪಾದ ಮಿಡಿ. ತಲೆಯಲ್ಲಿ ಅರ್ಧ ಇಂಚು ತೊಟ್ಟು.

"ತೊಟ್ಟು ಹಿಡಿದು ತಿನ್ನಿ. ಅದಿರುದು ಅದಕ್ಕೇ" ಎಂದಳು.

ಕಚ್ಚಿದೆ. ಕಟುಮ್ ಎಂದಿತು. ನೆಲ್ಯಾಡಿಯ ಅಂಗಳ, ಮದುವೆಯಾದ ವರ್ಷ ಆ ಮರದ ಕೆಳಗೆ ಹಾಕಿದ್ದ ಬೆಂಚು, ಅತ್ತೆ ತಂದಿಟ್ಟ ಗಂಜಿ, ಎಲ್ಲ ಒಟ್ಟಿಗೆ ಮೂಗಿಗೆ ಏರಿತು. ಕಣ್ಣಲ್ಲಿ ನೀರು ಬಂತು. ಖಾರ ಎಂದೆ. ಅವಳು ನೀರಿನ ಲೋಟ ಮುಂದೆ ಸರಿಸಿದಳು.

ಅರ್ಧ ತಿಂದ ಮಿಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಒಳಗೆ ಗೊರಟು ಕಟ್ಟಿರಲಿಲ್ಲ. ಬೆರಳಿನಿಂದ ಒತ್ತಿದರೆ ಜಜ್ಜಿಹೋಗುವಂಥ ಎಳೆ ಬೀಜ, ಉಪ್ಪು ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು.

"ಎಂತ ನೋಡುದು?" ಎಂದಳು. "ಅದು ನೆಟ್ಟರೆ ಹುಟ್ಟುದಿಲ್ಲ. ನೀವು ವಿಜ್ಞಾನದ ಮಾಷ್ಟ್ರಲ್ವಾ?"

ಹೌದು ಎಂದೆ. ಉಳಿದ ಅರ್ಧವನ್ನೂ ತಿಂದು, ತೊಟ್ಟನ್ನು ಬಟ್ಟಲಿನ ಅಂಚಿನಲ್ಲಿ ಇಟ್ಟೆ.