ಚಿಟ್ಟೆ ಗಿಡಕ್ಕೆ ನೀರು ಹಾಕಿದವರು

ಹೋದ ವಾರ ಚಿಟ್ಟೆ ಗಿಡವನ್ನು ಬೇರುಸಮೇತ ಎತ್ತಿದಾಗ ಬಂದ ವಾಸನೆಯನ್ನು ಹೇಗೆ ಹೇಳಲಿ? ಎರಡು ದಿನ ಮುಚ್ಚಿಟ್ಟು ಮರೆತ ಅಕ್ಕಿ ತೊಳೆದ ನೀರು, ಅದರಲ್ಲಿ ನೆನೆದ ತೆಂಗಿನ ನಾರು, ಎರಡೂ ಸೇರಿದಂಥ ಹುಳಿ ನಾತ. ವಿಶಾಖಪಟ್ಟಣದ ಈ ಮನೆಯ ಹಿತ್ತಲಿಗೆ ಬೆಳಗ್ಗೆ ಬರುವ ಉಪ್ಪು ಗಾಳಿಗೂ ಅದು ಚದುರಲಿಲ್ಲ. ಗಿಡ ಬಾಡಿ ನಾಲ್ಕು ದಿನವಾಗಿತ್ತು. ಬಂದರಿನ ಕಡೆ ಕೆಲಸಕ್ಕೆ ಹೋಗುವ ನನ್ನ ಗಂಡ ಶೂ ಹಾಕಿಕೊಳ್ಳುತ್ತಾ, “ಪಾಪ, ಅದಕ್ಕೊಂದು ಚೊಂಬು ನೀರು ಹಾಕೇ” ಅಂದಿದ್ದರು. ನಾನು ಹಾಕಲಿಲ್ಲ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಮೇಲಿನ ಸಿಪ್ಪೆ ಒದ್ದೆ ಕಾಲುಚೀಲದಂತೆ ಜಾರಿ ಕೈಗೆ ಬಂತು, ಒಳಗೆ ದಾರದಂಥ ಎಳೆಯೊಂದು ಉಳಿಯಿತು. ಅಷ್ಟು ಸಾಕಾಯಿತು. ನನಗೆ ಮತ್ತೆ ಹತ್ತು ವರ್ಷ, ಊರು ವಿಜಯವಾಡ, ಪಕ್ಕದಲ್ಲಿ ಮೊಣಕಾಲೂರಿ ಕೂತವಳು ಶಾರದತ್ತೆ.

ಅಪ್ಪ ಬ್ಯಾಂಕಿನಲ್ಲಿ ಆಫೀಸರು. ವರ್ಗವಾಗಿ ನಾವು ವಿಜಯವಾಡಕ್ಕೆ ಬಂದದ್ದು ಅರಸೀಕೆರೆಯಾಚೆಯ ಒಂದು ಒಣ ಹಳ್ಳಿಯಿಂದ. ಬಾವಿಗೆ ಕೊಡ ಇಳಿಸಿದರೆ ತಳದ ಕಲ್ಲು ಸದ್ದು ಮಾಡುವ ಊರು ಅದು. ಆ ಕಡೆಯವರ ಮರ್ಯಾದೆಯೆಲ್ಲ ನೀರಿನಲ್ಲೇ. ಮನೆಗೆ ಯಾರೇ ಬರಲಿ, ಮೊದಲು ಒಂದು ಲೋಟ ನೀರು, ಒಂದು ತುಂಡು ಬೆಲ್ಲ, ಮಾತು ಆಮೇಲೆ. ನೀರು ಕೇಳಿದವರಿಗೆ ಇಲ್ಲ ಅನ್ನುವುದು ಬೈಗುಳಕ್ಕಿಂತ ಕೆಟ್ಟದ್ದು. ಅಂಥವರು ಕೃಷ್ಣೆಯ ಪಕ್ಕದ ಊರಿಗೆ ಬಂದು ನಲ್ಲಿ ತಿರುಗಿಸಿದರೆ ನೀರು ಬೀಳುವುದನ್ನು ಕಂಡಾಗ ಹೇಗಾಗಬೇಡ! ಮಹಡಿಯ ಮೇಲೆ ನಿಂತರೆ ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತಿತ್ತು. ಕೆಳಗೆ ಹಿತ್ತಲು, ಕಪ್ಪು ಜೇಡಿಮಣ್ಣು. ನಮ್ಮೂರಿನ ಕೆಂಪು ಮಣ್ಣಿನ ಹಾಗೆ ಅದು ನೀರನ್ನು ಕುಡಿದು ಮರೆಯುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಶಾರದತ್ತೆ ಅಪ್ಪನ ಅಕ್ಕ. ಮಾವ ಹೋದಮೇಲೆ ನಮ್ಮ ಜೊತೆಗೇ ಇದ್ದಳು. ಮಕ್ಕಳಿರಲಿಲ್ಲ. ಜಡೆ ಹಾಕುವಾಗ ನನ್ನ ತಲೆಯನ್ನು ಎಳೆದೆಳೆದು, “ಈ ಕೂದಲಿಗಿಂತ ಮುಸುಕಿನ ಜೋಳದ ಜುಟ್ಟು ವಾಸಿ” ಎಂದು ಹಂಗಿಸುತ್ತಿದ್ದವಳು. ಅವಳ ಗಿಡದ ಹುಚ್ಚು ಗೊತ್ತಿದ್ದ ಅಪ್ಪ, ಅರಕು ಬೆಟ್ಟದ ಕಡೆ ಹೋದಾಗ ಒದ್ದೆ ಗೋಣಿಯಲ್ಲಿ ಸುತ್ತಿ ಒಂದು ಕಡ್ಡಿ ತಂದುಕೊಟ್ಟಿದ್ದರು. ಅದು ಎರಡೇ ವರ್ಷದಲ್ಲಿ ಅವಳ ಎತ್ತರವಾಯಿತು. ಬೆಕ್ಕಿನ ಬಾಲದಂಥ ಬಿಳಿ ಹೂಗೊಂಚಲು, ಜೇನಿನ ವಾಸನೆ, ಮೈತುಂಬ ಚಿಟ್ಟೆ. ಅದರ ನಿಜವಾದ ಹೆಸರು ನಮಗೆ ಬೇಕಾಗಲೇ ಇಲ್ಲ. ಮೂರನೇ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಕೆಳಗಿನ ಎಲೆಗಳು ಹಳದಿಯಾದವು. ತುದಿಗಳು ಬೆಳಗಿನ ತಂಪಿನಲ್ಲೂ ಜೋತುಬಿದ್ದವು.

ಅತ್ತೆ ಮೊದಲು ನುಸಿ ಇರಬೇಕು ಅಂದುಕೊಂಡಳು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ, ಬಿಳಿ ಬೆನ್ನನ್ನು ರೆಂಬೆಯ ಕೆಳಗೆ ಹಿಡಿಯಲು ನನಗೆ ಹೇಳಿ ಎಲೆಗಳನ್ನು ಕೊಡವಿದಳು. ನುಸಿಯಿದ್ದರೆ ಹಾಳೆಯ ಮೇಲೆ ಕೆಂಪು ಚುಕ್ಕಿಗಳು ಹರಿದಾಡಬೇಕು. ಬಿದ್ದದ್ದು ಬರೀ ಧೂಳು. ಆಗ ಕೆಳಮನೆಯಲ್ಲಿದ್ದ ಮಾಲೀಕರು ಬಂದರು. ತೆಲುಗಿನವರ ರೂಢಿಯಂತೆ ನಾನು ಅವರನ್ನು ತಾತಗಾರು ಅನ್ನುತ್ತಿದ್ದೆ. ಅವರು ಕುಡುಗೋಲಿನ ತುದಿಯಿಂದ ಬುಡ ಕೆದಕಿ, ಒಂದು ಬೇರು ಎಳೆದು, ಮೂಗಿಗೆ ಹಿಡಿದು ಮುಖ ಕಿವುಚಿದರು. “ದೀನಿಕಿ ನೀಳ್ಳು ಎವರು ಪೋಸ್ತಾರಮ್ಮಾ?” ಇದಕ್ಕೆ ನೀರು ಹಾಕುವವರು ಯಾರು ಎಂದು ಕೇಳಿದರು. “ನಾನು, ಬೆಳಗ್ಗೆ ಅಕ್ಕಿ ತೊಳೆದದ್ದು” ಅಂದಳು ಅಮ್ಮ. ಅಪ್ಪ ಹಲ್ಲುಜ್ಜುತ್ತಾ ತಾವೂ ದಿನಾ ಅರ್ಧ ಬಕೆಟ್ಟು ಎಂದರು. ಸಂಜೆಯದು ಅತ್ತೆಯದು. ಸ್ಕೂಲಿನ ಬಾಟಲಿಯಲ್ಲಿ ಉಳಿದದ್ದು ನನ್ನದು. ಬೇರೆ ಯಾರೂ ಹಾಕಿರಲಿಕ್ಕಿಲ್ಲ ಎಂದು ಎಲ್ಲರ ಕನಿಕರ. ತಾತಗಾರು ತೊಡೆ ತಟ್ಟಿ ನಕ್ಕರು. “ನಲುಗುರೂ ಕಲಿಸಿ ಮುಂಚೇಶಾರು!” ನಾಲ್ವರೂ ಸೇರಿ ಮುಳುಗಿಸಿಬಿಟ್ಟಿರಿ ಎಂದು. ನಾವೂ ನಕ್ಕೆವು. ಅತ್ತೆ ಮಾತ್ರ ಬೇರನ್ನೇ ನೋಡುತ್ತಿದ್ದಳು. “ಬಾಡಿದ್ದೆಲ್ಲ ಬಾಯಾರಿಕೆ ಅಲ್ಲ ಕಣೇ ಪುಟ್ಟಿ. ಬೇರು ಕೊಳೆತ್ರೆ ನೀರಲ್ಲೇ ನಿಂತಿದ್ರೂ ಕುಡಿಯಕ್ಕಾಗಲ್ಲ” ಅಂದಳು.

ಅವತ್ತು ಅವಳು ಮಾಡಿದ ಉಪಚಾರವನ್ನು ನನ್ನ ಕೈ ಇನ್ನೂ ಮರೆತಿಲ್ಲ. ಗಿಡವನ್ನು ಅಗೆದೆತ್ತಿ, ಬೇರು ತೊಳೆದು, ಕಂದು ಬಣ್ಣದ್ದನ್ನೆಲ್ಲ ಒಳಗಿನ ಬಿಳುಪು ಕಾಣುವವರೆಗೂ ಕತ್ತರಿಸಿದಳು. ಉಳಿದ ಅಷ್ಟು ಬೇರು ಇಡೀ ಮೈಯನ್ನು ಹೊರಲಾರದೆಂದು ರೆಂಬೆಗಳನ್ನೂ ಅರ್ಧಕ್ಕೆ ಇಳಿಸಿದಳು. ಮರಳು, ಇಟ್ಟಿಗೆ ಚೂರು ಬೆರೆಸಿ ದಿಬ್ಬ ಮಾಡಿ ಅದರ ಮೇಲೆ ನೆಟ್ಟಳು. ಚಿಗುರು ಬರುವ ತನಕ ಮೂರು ದಿನಕ್ಕೊಮ್ಮೆ ಒಂದು ಬೊಗಸೆ ನೀರು, ಅದೂ ಅವಳ ಕೈಯಿಂದಲೇ. ಎದ್ದು ನಿಲ್ಲುವಾಗ ಗೋಡೆ ಹಿಡಿದಳು. ಅವಳ ಪಾದ ಊದಿತ್ತು. ನಾನು ಬೆರಳಿಂದ ಒತ್ತಿದೆ. ಗುಳಿ ಬಿದ್ದು ಹಾಗೇ ನಿಂತಿತು. ಅದೊಂದು ಆಟವೆಂದುಕೊಂಡು ಇನ್ನೊಂದು ಕಡೆಯೂ ಒತ್ತಿದೆ.

ಕಿಡ್ನಿ ಎಂಬ ಪದ ನಮ್ಮ ಮನೆಗೆ ಬಂದದ್ದು ಆ ತಿಂಗಳಲ್ಲೇ. ವಾರಕ್ಕೆರಡು ಸಲ ಅಪ್ಪ ಅವಳನ್ನು ಆಟೋದಲ್ಲಿ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದರು. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಎದೆಗೆ ಏರುತ್ತದೆ, ಅಳತೆ ಮೀರಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನಮ್ಮೆಲ್ಲರನ್ನೂ ಎದುರು ಕೂರಿಸಿಕೊಂಡು ಹೇಳಿದರು. ಬೆಳಗ್ಗೆ ಅಮ್ಮ ಇಡೀ ದಿನದ ನೀರನ್ನು ಒಂದು ತಾಮ್ರದ ಚೊಂಬಿಗೆ ಅಳೆದು ತಟ್ಟೆ ಮುಚ್ಚಿ ಗೂಡಿನಲ್ಲಿಡುತ್ತಿದ್ದಳು. ವಿಜಯವಾಡದ ಬೇಸಿಗೆ ನೀವು ಕಂಡಿದ್ದರೆ ಆ ಚೊಂಬು ಎಷ್ಟು ಚಿಕ್ಕದು ಎಂದು ನಿಮಗೂ ತಿಳಿದೀತು. ಅತ್ತೆಯ ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ಬಾಯಿ ಮುಕ್ಕಳಿಸಿ ಉಗಿಯುವುದಕ್ಕೆ ಅಡ್ಡಿಯಿರಲಿಲ್ಲ. ಉಗಿಯುವ ಮುಂಚೆ ಆ ನೀರನ್ನು ಅವಳು ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದ ಹೊತ್ತು ನನಗೆ ನೋಡಲಾಗುತ್ತಿರಲಿಲ್ಲ.

ಅದೊಂದು ಶುಕ್ರವಾರ. ಅಪ್ಪ, ಅಮ್ಮ ಅವಳ ಹೆಸರಿನಲ್ಲೇ ಹರಕೆ ಹೊತ್ತು ಬೆಟ್ಟದ ಅಮ್ಮನವರ ಗುಡಿಗೆ ಹೋಗಿದ್ದರು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. “ಪುಟ್ಟೀ, ಒಂದು ಲೋಟ.” “ಅಮ್ಮ ಬೈತಾಳೆ ಅತ್ತೆ.” “ನಿಮ್ಮಮ್ಮ ಚೊಂಬು ನೋಡ್ತಾಳೆ. ನೀನು ಮಡಕೇದು ತಾ.” ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ನಗಲು ನೋಡಿದಳು. “ಶತ್ರು ಬಂದ್ರೂ ನಮ್ಮೂರಲ್ಲಿ ನೀರು ಬೆಲ್ಲ ಕೊಡ್ತಾರಲ್ಲೇ. ನಾನೇನು ನಿಂಗೆ ಶತ್ರುನಾ?” ನಾನು ಮಡಕೆಗೆ ಕೈ ಹಾಕಿದೆ. ಬೆಲ್ಲವನ್ನೂ ತಂದೆ. ಅವಳು ಕುಡಿಯುವಾಗ ಗಂಟಲಿನ ಸದ್ದು ಕೋಣೆಗೆಲ್ಲ ಕೇಳಿಸುತ್ತಿತ್ತು. ಇನ್ನೊಂದು ಅಂದಳು. ಮತ್ತೊಂದು. ಲೋಟ ತೊಳೆದು ಬೋರಲು ಹಾಕಿದೆ. ಅವಳು ನನ್ನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, “ತಂಪಾಗಿದೆ” ಅಂದಳು. ಅಮ್ಮ ಬಂದು ನನ್ನ ಹಣೆಗೆ ಕುಂಕುಮವಿಟ್ಟು, ಗೂಡಿನ ಚೊಂಬು ತೆರೆದು ನೋಡಿ, “ಅತ್ತಿಗೆ ಇವತ್ತು ಮುಟ್ಟೇ ಇಲ್ಲ, ದೇವರು ದೊಡ್ಡವನು” ಎಂದು ಸಂತೋಷಪಟ್ಟಳು. ಮರುದಿನ ಬೆಳಗ್ಗೆ ಅತ್ತೆಗೆ ಉಸಿರು ಸಿಗಲಿಲ್ಲ. ಎದೆಯೊಳಗೆ ಹುಕ್ಕಾ ಸೇದಿದಂತೆ ಗೊರಗೊರ ಸದ್ದು. ಆಟೋ ಹತ್ತಿಸುವಾಗ ಅವಳ ಕಣ್ಣು ನನ್ನನ್ನು ಹುಡುಕಿತು. ನಾನು ಬಾಗಿಲ ಹಿಂದೆ ಇದ್ದೆ. ಅವಳು ತಿರುಗಿ ಬರಲಿಲ್ಲ.

ಗಿಡ ಎರಡು ಎಲೆ ಚಿಗುರಿದ್ದು ಆಮೇಲಿನ ವಾರ. ಆದರೆ ಊರಿನಿಂದ ನೆಂಟರು ಬಂದಿದ್ದರು. ವೈಕುಂಠ ಸಮಾರಾಧನೆಯ ಊಟ ಮುಗಿಸಿದವರೆಲ್ಲ ನೀರು ದಂಡವಾಗಬಾರದೆಂದು ಅದರ ಬುಡದಲ್ಲೇ ಕೈ ತೊಳೆದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ತಿಂಗಳು ತುಂಬುವುದರೊಳಗೆ ಅದು ಒಣ ಕಡ್ಡಿಯಾಯಿತು.

ಅಪ್ಪನೂ ಈಗಿಲ್ಲ. ಅಮ್ಮ ನನ್ನ ಜೊತೆ ಇದ್ದಾಳೆ. ಹೋದ ವಾರ ನಾನು ಇಲ್ಲಿ ಬೆಳೆಸಿದ ಚಿಟ್ಟೆ ಗಿಡದ ಕೊಳೆತ ಬೇರು ಕತ್ತರಿಸುತ್ತಿದ್ದಾಗ ಹಿತ್ತಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಆ ನಾತ ಅವಳಿಗೂ ತಾಕಿರಬೇಕು. “ಅತ್ತಿಗೇನೂ ಹೀಗೇ ಕೂತಿದ್ರು” ಅಂದಳು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ನಾನು ತಲೆಯೆತ್ತದೆ ಹೇಳಿದೆ. ಮಡಕೆ, ಬೆಲ್ಲ, ಮೂರು ಲೋಟ. ಅಮ್ಮ, “ಗೊತ್ತು ಕಣೇ. ಮಾರನೇ ದಿನ ಮಂಚದ ಕಾಲ ಹತ್ರ ಇರುವೆ ಸಾಲುಗಟ್ಟಿತ್ತು. ಬೆಲ್ಲ ಬೀಳದೆ ಇರುವೆ ಬರುತ್ತಾ? ನಾನೇ ಒರೆಸಿದೆ” ಅಂದಳು.

“ಮತ್ತೆ ಯಾಕಮ್ಮ ಕೇಳ್ಲಿಲ್ಲ?”

“ಕೇಳಿದ್ರೆ ನಂದೂ ಹೇಳ್ಬೇಕಾಗಿತ್ತಲ್ಲ.” ಅವಳು ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. “ನೀನು ಸ್ಕೂಲಿಗೆ ಹೋದ್ಮೇಲೆ, ದಿನಾ ಮಧ್ಯಾಹ್ನ. ಅರ್ಧ ಲೋಟ. ನಾನೊಬ್ಬಳೇ ಕೊಡ್ತಿರೋದು, ಅಷ್ಟಕ್ಕೇನಾಗುತ್ತೆ ಅಂದ್ಕೊಂಡೆ.”

“ಅಪ್ಪ?”

“ಆಸ್ಪತ್ರೆಗೆ ಹೋಗೋ ದಾರೀಲಿ ಕಬ್ಬಿನ ಹಾಲಿನ ಗಾಡಿ ಇತ್ತು. ನಾನು ಅವರನ್ನ ಕೇಳ್ಲಿಲ್ಲ.”

ಉಳಿದ ಬೇರು ಒಂದು ಹಿಡಿಯಷ್ಟೂ ಇರಲಿಲ್ಲ. ರೆಂಬೆಗಳನ್ನು ಅರ್ಧಕ್ಕೆ ಇಳಿಸಿ, ಮರಳು ಹಾಕಿ ನೆಟ್ಟೆ. ಸಂಜೆ ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಅಮ್ಮ ಗಿಡದೆದುರು ನಿಂತಿದ್ದಳು, ಕೈಯಲ್ಲಿ ತುಂಬಿದ ಚೊಂಬು. ಎಲೆಗಳು ಜೋತುಬಿದ್ದಿದ್ದವು. ನಾನು ಕೂಗಲಿಲ್ಲ. ಬಹಳ ಹೊತ್ತು ನಿಂತಿದ್ದು, ಒಂದು ಹನಿಯೂ ತುಳುಕದ ಹಾಗೆ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಒಳಗೆ ಬಂದಳು.