ಮೂಡದೆ ಹೋದ ಕಪ್ಪು ಗೆರೆ

ಹೋದ ವಾರ ಘಾಜಿಯಾಬಾದಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಪ್ರೋಟೀನ್ ಸ್ಯಾಂಪಲ್ ಕುದಿಸುವಾಗ ಟ್ಯೂಬಿನ ಮುಚ್ಚಳ ಹಾರಿತು. ಅದರಲ್ಲಿ ಬೆರೆಸುವ ರಾಸಾಯನಿಕದ, ಕೊಳೆತ ಮೊಟ್ಟೆಯಂಥ ವಾಸನೆ ಕೋಣೆ ತುಂಬಿತು. ಎಲ್ಲರೂ ಮೂಗು ಮುಚ್ಚಿಕೊಂಡು ಹೊರಗೋಡಿದರು. ನಾನು ಅಲ್ಲೇ ನಿಂತೆ. ಆ ವಾಸನೆ ಬಂದರೆ ನನಗೆ ಒಬ್ಬರೇ ನೆನಪಾಗುವುದು... ನಾನು ಅಕ್ಕ ಎನ್ನುತ್ತಿದ್ದ ನನ್ನ ಸೀನಿಯರ್.

ನಾನು ಓದಿದ ದೆಹಲಿಯ ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ನಾನು ಪಿಎಚ್.ಡಿ.ಗೆ ಸೇರಿ ವರ್ಷವಾಗಿರಲಿಲ್ಲ. ಅವರಿಗದು ಏಳನೆಯ ವರ್ಷ. ಫೆಲೋಶಿಪ್ ನಿಂತುಹೋಗಿತ್ತು. ಲಕ್ಷ್ಮೀ ನಗರದ ಅವರ ಬಾಡಿಗೆ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ತಾಗುತ್ತಿತ್ತು. ಲ್ಯಾಬಿಗಂತೂ ಕಿಟಕಿಯೇ ಇರಲಿಲ್ಲ. ಗೈಡ್ ಸಹಿ ಹಾಕದೆ ಥೀಸಿಸ್ ಹೋಗುವಂತಿಲ್ಲ, ಥೀಸಿಸ್ ಹೋಗದೆ ಅವರು ಹೋಗುವಂತಿಲ್ಲ. "ಜೀವಾವಧಿ ಶಿಕ್ಷೆಯಾದವರಿಗೂ ಪೆರೋಲ್ ಸಿಗತ್ತೆ ಕಣೇ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಪಾಠ ಹೇಳಿಕೊಡುವಾಗ ಮಾತ್ರ ಅವರ ಮುಖ ಬೆಳಗುತ್ತಿತ್ತು. "ನೀನು ತಿಂದ ಈ ರಾಜ್ಮಾ ಚಾವಲ್‌ನ ಶಕ್ತಿಯಿಂದ ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಡಿಪಿ ಅನ್ನೋ ಅಣುವಿಗೆ ಇನ್ನೊಂದು ಫಾಸ್ಫೇಟ್ ಅಂಟಿಸಿ ಎಟಿಪಿ ಮಾಡತ್ತೆ, ಅದೇ ಕೋಶದ ಇಂಧನ. ಕೂಡಿಡೋ ಹಾಗಿಲ್ಲ, ಮಾಡ್ತಾನೇ ಇರಬೇಕು. ಸೈಕಲ್ ಡೈನಮೋ ಥರ, ತುಳಿಯೋದು ನಿಲ್ಲಿಸಿದ್ರೆ ದೀಪ ಆರತ್ತೆ." ಅದೇ ಫಾಸ್ಫೇಟನ್ನು ಕಿನೇಸ್ ಎಂಬ ಕಿಣ್ವ ಎಟಿಪಿಯಿಂದ ತೆಗೆದು ಪ್ರೋಟೀನಿಗೆ ಅಂಟಿಸಿದರೆ, ಸುಮ್ಮನಿದ್ದ ಪ್ರೋಟೀನು ಕೆಲಸಕ್ಕೇಳುತ್ತದೆ, ಇನ್ನು ಕೆಲವು ಪ್ರೋಟೀನುಗಳು ಕೆಲಸ ನಿಲ್ಲಿಸುತ್ತವೆ. ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಕಿತ್ತುಹಾಕುತ್ತದೆ. ಅಕ್ಕ ಏಳು ವರ್ಷ ಬೆನ್ನು ಹತ್ತಿದ್ದು ಅಂಥ ಒಂದೇ ಒಂದು ಫಾಸ್ಫೇಟನ್ನು. ಅದು ಅಂಟಿದ್ದರೆ ಪರೀಕ್ಷೆಯ ಎಕ್ಸ್-ರೇ ಫಿಲ್ಮಿನ ಮೇಲೆ ಕಪ್ಪು ಗೆರೆಯೊಂದು ಮೂಡುತ್ತದೆ. ಅವರಿಗೆ ಮೂಡಿತ್ತು. ಇನ್ನೊಮ್ಮೆ ಮೂಡಿಸಿ ತೋರಿಸಿದರೆ ಸಹಿ ಹಾಕುತ್ತೇನೆ ಎಂದರು ಗೈಡ್.

ಅವತ್ತು ಅಕ್ಕನಿಗೆ ಜ್ವರ. ಜೀವಕೋಶ ಒಡೆದು ಸ್ಯಾಂಪಲ್ ಮಾಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಕೋಶ ಒಡೆದ ಮೇಲೂ ಫಾಸ್ಫಟೇಸ್ ಸುಮ್ಮನಿರುವುದಿಲ್ಲ. ತಡೆಯುವ ದ್ರಾವಣ ಬೆರೆಸದಿದ್ದರೆ ಫಾಸ್ಫೇಟುಗಳನ್ನು ಕೀಳುತ್ತಲೇ ಇರುತ್ತದೆ. ನಾನು ಬೆರೆಸುವುದನ್ನೇ ಮರೆತೆ.

ಗೆರೆ ಮೂಡಲಿಲ್ಲ. ಫ್ರೀಜರಿನಲ್ಲಿ ಆ ದ್ರಾವಣದ ಸೀಸೆ ಸೀಲೂ ಒಡೆಯದೆ ಕೂತಿದ್ದನ್ನು ಕಂಡಾಗಲೇ ಮರೆತದ್ದು ನನಗೆ ಗೊತ್ತಾಯಿತು. ಮೀಟಿಂಗಿನಲ್ಲಿ ಗೈಡ್, "ಸ್ಯಾಂಪಲ್ ಕಿಸ್‌ನೇ ಬನಾಯಾ?" ಎಂದು ಕೇಳಿ, ಮಾಡಿದ್ದು ಯಾರೆಂಬಂತೆ ನಮ್ಮಿಬ್ಬರನ್ನೂ ನೋಡಿದರು. ನನ್ನ ಫೆಲೋಶಿಪ್ ಮುಂದುವರಿಸುವ ಕಾಗದ ಅವರ ಮೇಜಿನ ಮೇಲೇ ಇತ್ತು. ನಾನು ಆ ಕಾಗದವನ್ನೇ ನೋಡಿದೆ. ಅಕ್ಕ, "ಮೈನೇ, ಸರ್" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು.

ಹಾಗಾದರೆ ಹಳೆಯ ಗೆರೆಯೇ ತಪ್ಪು, ಮೊದಲಿನಿಂದ ಶುರು ಮಾಡಬೇಕು ಎಂದುಬಿಟ್ಟರು ಗೈಡ್.

ಎರಡು ವಾರದಲ್ಲಿ ಅಕ್ಕ ಪಿಎಚ್.ಡಿ. ಬಿಟ್ಟು ಕೋಣೆ ಖಾಲಿ ಮಾಡಿದರು. ಆಟೋಗೆ ಸೂಟ್‌ಕೇಸ್ ಎತ್ತಿಡುವಾಗ, ಈಗಲಾದರೂ ಹೇಳಬೇಕೆಂದು "ಅಕ್ಕಾ, ಅವತ್ತು..." ಎಂದೆ.

"ಸೀಸೆ ನಾನೂ ನೋಡ್ದೆ ಕಣೇ. ಬೈಸ್ಕೊಳ್ಳೋದು ನನಗೆ ಅಭ್ಯಾಸ. ಆಮೇಲಾದ್ರೂ ಸರ್ ಹತ್ರ ಹೋಗಿ ಹೇಳ್ತೀಯ ಅಂತ ಕಾದೆ... ಸಾಕಾಯ್ತು." ಡ್ರೈವರನತ್ತ ತಿರುಗಿ, "ಚಲೋ ಭಯ್ಯಾ" ಎಂದರು.

ಆಟೋ ಹೊರಟಿತು.

ಮರುವರ್ಷ ಗೈಡ್ ಆ ಕೆಲಸವನ್ನು ನನಗೇ ಕೊಟ್ಟರು. ದ್ರಾವಣ ಬೆರೆಸಿ ಮಾಡಿದೆ. ಮೊದಲ ಸಲಕ್ಕೇ ಗೆರೆ ಮೂಡಿತು, ಕಡುಕಪ್ಪಗೆ. ಆಗಲೂ ನಾನು ಹೇಳಲಿಲ್ಲ. ಅಕ್ಕನ ಗೆರೆ ನನ್ನ ಥೀಸಿಸ್ಸಿನ ಮೂರನೆಯ ಅಧ್ಯಾಯವಾಯಿತು, ಆ ಥೀಸಿಸ್ಸಿನಿಂದ ಈ ನೌಕರಿ. ನನ್ನ ಹೇಡಿತನದ ಬಗ್ಗೆ ನನಗೆ ಅಸಹ್ಯವಿದೆ. ಆದರೆ ಸಂಬಳದ ಮೆಸೇಜು ಬಂದ ದಿನ ಅಸಹ್ಯ ಕೊಂಚ ಕಡಿಮೆಯಾಗುತ್ತದೆ ಎನ್ನುವುದೂ ನಿಜ.

ಹೋದ ವಾರ ಆ ವಿದ್ಯಾರ್ಥಿನಿ ಒಳಗೆ ಬಂದವಳೇ, "ಸಾರಿ ಮ್ಯಾಮ್, ಗಲ್ತಿ ಮೇರೀ ಥೀ" ಎಂದಳು. ತಪ್ಪು ತನ್ನದೆಂದು ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಮನೆಗೆ ಬಂದು ಅಕ್ಕನ ನಂಬರಿಗೆ ಫೋನ್ ಮಾಡಿದೆ. ಅದೀಗ ಬೇರೆ ಯಾರದೋ. ಥೀಸಿಸ್ ತೆಗೆದೆ. ಕೃತಜ್ಞತೆಯ ಪುಟದಲ್ಲಿ ಗೈಡ್, ಅಪ್ಪ ಅಮ್ಮ, ಕ್ಯಾಂಟೀನಿನ ಭಯ್ಯಾ ಎಲ್ಲರ ಹೆಸರೂ ಇದೆ. ಅಕ್ಕನದಿಲ್ಲ. ಹಾಕಿದ್ದರೆ ಯಾಕೆಂದು ಗೈಡ್ ಕೇಳುತ್ತಿದ್ದರು. ಈ ಬರಹದಲ್ಲಾದರೂ ಆ ಹೆಸರು ಹಾಕೋಣವೆಂದು ಕೂತೆ... ಇಲ್ಲೂ ಆಗಲಿಲ್ಲ.