ದುರ್ಬೀನಿನ ದರ

ನನ್ನ ಮೊಮ್ಮಗಳು ಸುಜಾತಾಳ ಹೊಟ್ಟೆಯಲ್ಲಿ ಕೆಟ್ಟ ರೋಗವಿಲ್ಲ. ಸಣ್ಣ ಹುಣ್ಣಷ್ಟೇ, ಗುಳಿಗೆಯಲ್ಲೇ ಮಾಯುತ್ತದೆ ಎಂದು ಮಿರಜಿನ ಡಾಕ್ಟರು ಹೇಳಿದಾಗ ನಾನು ಖುಷಿಗೆ ಅತ್ತುಬಿಟ್ಟೆ.

ಬಾಯಿಯಿಂದ ನಳಿಕೆ ಇಳಿಸಿ ನೋಡುವ ಎಂಡೋಸ್ಕೋಪಿಗೆ ನಮ್ಮ ಕಾಗವಾಡದಲ್ಲಿ ದುರ್ಬೀನು ಎನ್ನುತ್ತೇವೆ. ಅದಕ್ಕೆ ಎರಡು ಸಾವಿರವೆಂದು ಮೊದಲೇ ಕೇಳಿಕೊಂಡಿದ್ದೆ. ಬಿಲ್ಲಿನಲ್ಲಿ ನಾಲ್ಕೂವರೆ ಸಾವಿರವಿತ್ತು.

“ಎರಡ ಸಾವಿರ ಬರೇ ದುರ್ಬೀನಿಗ್ರಿ ಆಯಿ. ಮಲಗಸೂ ಇಂಜೆಕ್ಷನ್, ಔಷಧ, ಖಾಟಿನ ಬಾಡಿಗಿ ಎಲ್ಲಾ ಬ್ಯಾರೆ” ಎಂದ ಕೌಂಟರಿನವನು.

“ನಾ ಏನ ದುರ್ಬೀನ ಖರೀದಿಗೆ ಬಂದೀನೇನೋ ತಮ್ಮಾ? ಕೇಳಿದಾಗ ಪೂರಾ ಹೇಳಿದ್ರ ನಿನ್ನ ನಾಲಿಗಿ ಸವೀತಿತ್ತೇನು?”

ಹಿಂದೆ ನಿಂತವರೂ ತಮ್ಮ ಪೂರಾ ದರ ಕೇಳತೊಡಗಿದರು. ನನ್ನ ಮಗ ಫೋನಿನಿಂದ ಹಣ ತುಂಬಿದ ಮೇಲೆಯೇ ರಿಪೋರ್ಟು ಕೈಗೆ ಬಂತು.

ಆ ಸಿಟ್ಟು ಇನ್ನೂ ಇಳಿದಿಲ್ಲ. ಸಂಜೆ ಮನೆಮಂದಿಯೆಲ್ಲ ಕೂಡಿ ಉಂಡೆವು. ಸುಜಾತಾ ಮೊಸರನ್ನವನ್ನು ತಾನೇ ಕೇಳಿ ಎರಡನೇ ಸಲ ಹಾಕಿಸಿಕೊಂಡಳು.